ಗೇಣು, ಮೊಳ, ಮಾರು

ಮಗಳೇ, ನಿಮ್ಮ ಬಡಾವಣೆಯ ಪಾರ್ಕು ಮತ್ತೆ ತೆರೆದಿದೆ, ಮಕ್ಕಳು ಆಡುವ ಜಾಗವನ್ನು ಪೂರಾ ಹೊಸದಾಗಿ ಮಾಡಿದ್ದಾರೆ ಎಂದು ಫೋಟೋ ಕಳಿಸಿದ್ದೀಯ. ಕೆಂಪು ಜಾರುಬಂಡೆ, ಹಳದಿ ಜೋಕಾಲಿ, ಸ್ಪ್ರಿಂಗಿನ ಮೇಲೆ ಕೂತ ಆನೆ, ಗೋಡೆಯ ತುಂಬ ಚಿಟ್ಟೆಗಳು. "ದೊಡ್ಡಮ್ಮ, ಪುಟ್ಟನ್ನ ಕರ್ಕೊಂಡು ಹೋಗಬಹುದಾ, ಒಂದು ಸಲ ನೋಡಿ ಹೇಳಿ" ಎಂದು ಕೇಳಿದ್ದೀಯ. ಫೋಟೋದಲ್ಲಿ ನನಗೆ ಕಾಣುವುದು ಬಣ್ಣ ಮಾತ್ರ. ಶಿಶುವಿಹಾರದ ಅಂಗಳದಲ್ಲಿ ಆಯಸ್ಸು ಕಳೆದವಳಾದ್ದರಿಂದ ಹೇಗೆ ನೋಡಬೇಕೆಂದು ಹೇಳಬಲ್ಲೆ. ನೋಡುವವಳು ನೀನೇ.

ಮೊದಲ ಸಲ ಮಗುವನ್ನು ಮನೆಯಲ್ಲಿ ಬಿಟ್ಟು ಒಬ್ಬಳೇ ಹೋಗು. ಮಗು ಜೊತೆಗಿದ್ದರೆ ನಿನ್ನ ಕಣ್ಣೆಲ್ಲ ಅದರ ಮೇಲೇ ಇರುತ್ತದೆ, ಜಾಗ ಕಾಣುವುದಿಲ್ಲ. ಮಧ್ಯಾಹ್ನ ಮೂರು ಗಂಟೆಯ ಬಿಸಿಲಿನಲ್ಲೊಮ್ಮೆ, ಸಂಜೆ ಜನ ಸೇರುವ ಹೊತ್ತಿನಲ್ಲೊಮ್ಮೆ ಹೋಗು. ಒಂದೇ ಪಾರ್ಕು ಆ ಎರಡು ಹೊತ್ತಿನಲ್ಲಿ ಎರಡು ಬೇರೆ ಪಾರ್ಕು. ಅಲ್ಲಿ ಹೋದ ಮೇಲೆ ನಾಚಿಕೆ ಬಿಟ್ಟು ಕುಕ್ಕರಗಾಲಿನಲ್ಲಿ ಕೂತುಕೋ. ಎರಡು ವರ್ಷದ ಮಗುವಿನ ಕಣ್ಣು ನೆಲದಿಂದ ಎರಡೂವರೆ ಅಡಿ ಮೇಲಿರುತ್ತದೆ. ನಿಂತವರಿಗೆ ಕಾಣದ ಬೋಲ್ಟು, ಚೂಪು ಮೂಲೆ, ಬೆಂಚಿನ ಅಡಿಯ ತಂತಿ, ಎಲ್ಲವೂ ಆ ಎತ್ತರಕ್ಕೆ ಇಳಿದರೆ ಕಣ್ಣಿಗೆ ಬೀಳುತ್ತವೆ.

ಅಳತೆಗೆ ಟೇಪು ಬೇಕಾಗಿಲ್ಲ. ಗೇಣು ಸುಮಾರು 9 ಇಂಚು, ಮೊಳ 18 ಇಂಚು, ಮಾರು 6 ಅಡಿ. ನಿನ್ನ ಕೈ ಚಿಕ್ಕದು, ಹೋಗುವ ಮೊದಲು ಒಂದು ಸ್ಕೇಲಿನ ಮೇಲೆ ಗೇಣು ಇಟ್ಟು ಎಷ್ಟು ಕಮ್ಮಿ ಬೀಳುತ್ತದೆಂದು ತಿಳಿದುಕೋ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಸಾರ್ವಜನಿಕ ಆಟದ ಜಾಗಗಳಿಗೆಂದೇ ಒಂದು ಕೈಪಿಡಿ ಹೊರತಂದಿದೆ. ಅದರ ಮುಖ್ಯ ಅಳತೆಗಳು ನಮ್ಮ ಗೇಣು, ಮೊಳ, ಮಾರಿಗೆ ಸರಿಯಾಗಿ ಬಂದು ಕೂರುತ್ತವೆ. ನಾನು ಮುಂದೆ ಹೇಳುವ ಲೆಕ್ಕ ಹೆಚ್ಚುಕಡಿಮೆ ಅದರದೇ.

ಎಲ್ಲಕ್ಕಿಂತ ಮೊದಲು ನೆಲ ನೋಡು. ಎಲ್ಲರೂ ಜಾರುಬಂಡೆ ನೋಡುತ್ತಾರೆ, ಅದರ ಬುಡ ನೋಡುವವರು ಕಡಿಮೆ. ಆಟದ ಜಾಗದಲ್ಲಿ ಆಗುವ ಗಾಯಗಳಲ್ಲಿ ಹೆಚ್ಚಿನವು ಬಿದ್ದು ಆಗುವಂಥವು. ಬೀಳದೆ ಬೆಳೆದ ಮಗು ಇಲ್ಲ, ಆದ್ದರಿಂದ ಎಲ್ಲಿ ಬೀಳುತ್ತದೆ ಎನ್ನುವುದೇ ದೊಡ್ಡ ಪ್ರಶ್ನೆ. ನಮ್ಮೂರುಗಳಲ್ಲಿ ಪಾರ್ಕು ಹೊಸದು ಮಾಡುವುದೆಂದರೆ ಮೊದಲು ಇಂಟರ್‌ಲಾಕ್ ಟೈಲು ಹಾಸುವುದು ಎಂದಾಗಿಬಿಟ್ಟಿದೆ. ನೋಡಲು ಚೊಕ್ಕ, ಗುಡಿಸಲು ಸುಲಭ, ಬಿಲ್ಲು ಮಾಡಲೂ ಸುಲಭ. ಆದರೆ ಜೋಕಾಲಿಯ ಕೆಳಗೆ ಸಿಮೆಂಟು ಟೈಲು ಹಾಸಿದ್ದರೆ ಆ ಜೋಕಾಲಿಗೆ ಮಗುವನ್ನು ಕೂರಿಸಬೇಡ. ಇದರಲ್ಲಿ ರಾಜಿ ಬೇಡ. ತುಳಿದು ತುಳಿದು ಗಟ್ಟಿಯಾದ ಮಣ್ಣನ್ನೂ ಹುಲ್ಲನ್ನೂ ಕೂಡ ಆ ಕೈಪಿಡಿ ರಕ್ಷಣೆಯ ನೆಲವೆಂದು ಒಪ್ಪುವುದಿಲ್ಲ.

ಮರಳು ಹಾಕಿದ್ದರೆ ಒಳ್ಳೆಯದು, ಆದರೆ ಎಷ್ಟು ಆಳ ಹಾಕಿದ್ದಾರೆ? ಕೈ ಇಳಿಸಿ ನೋಡು. ಒಂದು ಗೇಣು ಆಳದ ಮರಳು ನಾಲ್ಕು ಅಡಿ ಎತ್ತರದಿಂದ ಬಿದ್ದವರನ್ನು ತಡೆದುಕೊಳ್ಳುತ್ತದೆ. ಎರಡು ಬೆರಳು ಇಳಿಯುವಷ್ಟರಲ್ಲಿ ಕಾಂಕ್ರೀಟು ತಗುಲಿದರೆ ಅದು ತೋರಿಕೆಯ ಮರಳು. ಮಕ್ಕಳು ಕಾಲಿನಿಂದ ತಳ್ಳುತ್ತಾ ತಳ್ಳುತ್ತಾ ಜೋಕಾಲಿಯ ಅಡಿ ಮತ್ತು ಜಾರುಬಂಡೆಯ ಬಾಯಿಯ ಹತ್ತಿರ ಗುಂಡಿ ಬೀಳಿಸಿರುತ್ತಾರೆ, ಅಲ್ಲೇ ಕೈ ಇಟ್ಟು ಅಳೆ. ಹೊಳೆಮರಳು ದುಬಾರಿಯೆಂದು ಈಗ ಎಂ-ಸ್ಯಾಂಡ್ ಸುರಿಯುತ್ತಾರೆ. ಕಟ್ಟಡಕ್ಕೆ ಅದು ಸರಿ. ಒಡೆದ ಕಲ್ಲಿನ ಪುಡಿಯಾದ್ದರಿಂದ ಕಾಳು ಚೂಪು, ದೂಳು ಹೆಚ್ಚು, ಮಳೆ ಬಿದ್ದು ಒಣಗಿದರೆ ಹೆಪ್ಪುಗಟ್ಟಿ ಕೂರುತ್ತದೆ. ಮಕ್ಕಳು ಬೀಳುವ ಜಾಗಕ್ಕೆ ಅದು ಸಲ್ಲದು. ರಬ್ಬರಿನ ಹಾಸು ಇದ್ದರೆ ಹಿಮ್ಮಡಿಯೂರಿ ನಿಂತು ನೋಡು, ಸ್ವಲ್ಪ ಅದುಮಿ ಮೇಲೆದ್ದರೆ ಸರಿ. ಅಂಚು ಎದ್ದಿದ್ದರೆ ಓಡುವ ಮಗು ಎಡವುತ್ತದೆ. ಇನ್ನು, ಮರಳಿರುವ ಕಡೆ ಬೀದಿನಾಯಿ, ಬೆಕ್ಕು ಬರುತ್ತವೆ. ಅವುಗಳ ಹೊಲಸಿನಿಂದ ಹುಳುವಿನ ಮೊಟ್ಟೆ ಮಕ್ಕಳ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ಬೆಳಿಗ್ಗೆ ಮರಳು ಕೆದಕಿ ಸ್ವಚ್ಛ ಮಾಡುವವರು ಇದ್ದಾರಾ ಎಂದು ಮಾಲಿಯನ್ನು ಕೇಳು. ಕೈ ತೊಳೆಯುವ ನಲ್ಲಿ ಹತ್ತಿರದಲ್ಲಿದೆಯಾ ನೋಡು.

ಆಮೇಲೆ ಸಂದುಗಳು. ಇದನ್ನು ಗಮನವಿಟ್ಟು ಕೇಳು, ಏಕೆಂದರೆ ಕಣ್ಣಿಗೆ ಕಾಣದ ಅಪಾಯ ಇದು. ಪುಟ್ಟ ಮಕ್ಕಳ ತಲೆ ಮೈಗಿಂತ ದಪ್ಪ. ಕಾಲು ಮುಂದಾಗಿ ತೂರಿದರೆ ಮೈಯೆಲ್ಲ ಸಂದಿನೊಳಗೆ ಹೋಗಿ ತಲೆ ಮಾತ್ರ ಸಿಕ್ಕಿಕೊಳ್ಳುತ್ತದೆ, ಆಮೇಲೆ ಮಗು ಕೊರಳಿನಲ್ಲಿ ನೇತಾಡುತ್ತದೆ. 9 ಸೆಂಟಿಮೀಟರಿಗಿಂತ ಹೆಚ್ಚು, 23 ಸೆಂಟಿಮೀಟರಿಗಿಂತ ಕಡಿಮೆ ಇರುವ ಸಂದು ಅಂಥದ್ದು. ಕೈಲೆಕ್ಕದಲ್ಲಿ ಹೇಳುವುದಾದರೆ, ಮುಷ್ಟಿ ಸಲೀಸಾಗಿ ತೂರಿ, ಗೇಣು ಹಿಡಿಸದೆ ಹೋದರೆ ಆ ಸಂದು ಕೆಟ್ಟದ್ದು. ಏಣಿಯ ಮೆಟ್ಟಿಲುಗಳ ನಡುವೆ, ಜಾರುಬಂಡೆಯ ಮೇಲಿನ ಅಟ್ಟದ ಕಂಬಿಗಳ ನಡುವೆ, ಪಾರ್ಕಿನ ಬೇಲಿಯ ಸರಳುಗಳ ನಡುವೆ, ಎಲ್ಲ ಕಡೆ ಮುಷ್ಟಿ ತೂರಿಸಿ ನೋಡು. ಯಾರಾದರೂ ನಕ್ಕರೆ ನಗಲಿ.

ಅಟ್ಟ ಒಂದು ಮೊಳಕ್ಕಿಂತ ಎತ್ತರವಿದ್ದರೆ ಎರಡು ವರ್ಷದೊಳಗಿನವರಿಗೆ ಸುತ್ತ ತಡೆ ಬೇಕೇ ಬೇಕು. ಒಂದು ಅಡ್ಡಕಂಬಿ ಸಾಲದು, ಅದರ ಕೆಳಗಿಂದ ನುಸುಳಿಬಿಡುತ್ತಾರೆ. ಪ್ರತಿಯೊಂದು ಆಟದ ಸಾಮಾನಿನ ಸುತ್ತಲೂ ಒಂದು ಮಾರು ಖಾಲಿ ಜಾಗ ಇರಬೇಕು. ಒಂದು ಕೈ ಸಾಮಾನಿಗೆ ತಾಗುವ ಹಾಗೆ ಎರಡು ಕೈ ಚಾಚಿ ನಿಂತುಕೋ, ಬೆಂಚು, ಕಲ್ಲಿನ ಕಟ್ಟೆ, ದೀಪದ ಕಂಬ ಇನ್ನೊಂದು ಕೈಗೆ ತಗುಲಬಾರದು. ಜೋಕಾಲಿಗೆ ಇದು ಸಾಲದು. ಸರಪಳಿ ನೇತುಹಾಕಿದ ಅಡ್ಡಕಂಬಿ ಎಂಟು ಅಡಿ ಎತ್ತರವಿದ್ದರೆ ಮುಂದಕ್ಕೆ ಹದಿನಾರು, ಹಿಂದಕ್ಕೆ ಹದಿನಾರು ಅಡಿ ಯಾರೂ ನಡೆದಾಡದ ಹಾಗಿರಬೇಕು. ಜಾರುಬಂಡೆಯಿಂದ ಇಳಿದ ಮಗು ನೆಟ್ಟಗೆ ಜೋಕಾಲಿಯ ಮುಂದೆ ಓಡುವ ಹಾಗೆ ಎರಡನ್ನೂ ಎದುರುಬದುರು ಇಟ್ಟಿರುತ್ತಾರೆ, ಜಾಗ ಕಡಿಮೆಯೆಂದು. ಹಾಗಿದ್ದರೆ ನೀನು ನಿಲ್ಲಬೇಕಾದ ಜಾಗ ಆ ಎರಡರ ನಡುವೆಯೇ. ಒಂದು ಚೌಕಟ್ಟಿಗೆ ಎರಡು ಜೋಕಾಲಿ ಸಾಕು, ಮೂರನೆಯದು ನಡುವೆ ಸಿಕ್ಕಿಕೊಂಡು ಅಪಘಾತ ಮಾಡುತ್ತದೆ. ನಿನ್ನ ಪುಟ್ಟನ ವಯಸ್ಸಿನವರಿಗೆ ಸುತ್ತ ಆಧಾರವಿರುವ ಬುಟ್ಟಿಯಂಥ ಆಸನ ಬೇಕು. ಅದಿಲ್ಲದಿದ್ದರೆ ಜೋಕಾಲಿ ಇನ್ನೊಂದು ವರ್ಷ ಕಾಯಲಿ.

ಕೊರಳಿನ ವಿಷಯ ಬಂದಾಗಲೇ ಹೇಳಿಬಿಡುತ್ತೇನೆ. ಅತ್ತೆಯವರು ಮಗುವಿನ ಕೊರಳಿಗೆ ತಾಯತದ ಕರಿದಾರ ಕಟ್ಟಿದ್ದಾರೆ, ಅವರ ಮನಸ್ಸು ನೋಯಿಸಬೇಡ. ಪಾರ್ಕಿಗೆ ಹೋಗುವ ಹೊತ್ತಿಗೆ ಬಿಚ್ಚಿ ದೇವರ ಮನೆಯಲ್ಲಿಟ್ಟು ಹೋಗು, ಬಂದ ಮೇಲೆ ಕಟ್ಟು. ಚಿನ್ನದ ಸರ, ಟೋಪಿಯ ಲಾಡಿ, ಸ್ಕೂಲಿನ ಗುರುತಿನ ಚೀಟಿಯ ಪಟ್ಟಿ ಎಲ್ಲಕ್ಕೂ ಇದೇ ಮಾತು. ಜಾರುಬಂಡೆಯ ಮೇಲಿನ ಒಂದು ಬೋಲ್ಟಿಗೆ ದಾರ ಸಿಕ್ಕಿಕೊಂಡರೆ ಮಗುವಿನ ತೂಕವೇ ಅದನ್ನು ಬಿಗಿಯುತ್ತದೆ.

ಜಾರುಬಂಡೆಯಲ್ಲಿ ನೀವು ಪ್ರೀತಿಯಿಂದ ಮಾಡುವ ಒಂದು ಕೆಲಸವಿದೆ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಾರುವುದು. ದಯವಿಟ್ಟು ಮಾಡಬೇಡಿ. ಮಗುವಿನ ಪುಟ್ಟ ಶೂ ಪಕ್ಕದ ಗೋಡೆಗೆ ಕಚ್ಚಿಕೊಳ್ಳುತ್ತದೆ, ದೊಡ್ಡವರ ಭಾರ ಕೆಳಗೆ ಎಳೆಯುತ್ತದೆ, ಮಧ್ಯೆ ಮೊಣಕಾಲಿನ ಕೆಳಗಿನ ಎಲುಬು ತಿರುಚಿ ಮುರಿಯುತ್ತದೆ. ಒಂಟಿಯಾಗಿ ಜಾರಿದ್ದರೆ ಶೂ ಕಚ್ಚಿದಾಗ ಮಗು ನಿಂತುಬಿಡುತ್ತಿತ್ತು, ಅಷ್ಟೇ. ಮೂಳೆ ವೈದ್ಯರಿಗೆ ಇದು ಚೆನ್ನಾಗಿ ಗೊತ್ತು, ಒಂದರಿಂದ ಎರಡು ವರ್ಷದ ಮಕ್ಕಳಲ್ಲಿ ಹೆಚ್ಚು. ಒಬ್ಬಂಟಿಯಾಗಿ ಜಾರಲಾಗದಷ್ಟು ಎತ್ತರದ ಜಾರುಬಂಡೆ ಆ ಮಗುವಿನದಲ್ಲ. ಜಾರುಬಂಡೆಯ ಬಾಯಿ ನೆಲದಿಂದ ಒಂದು ಗೇಣಿಗಿಂತ ಬಹಳ ಮೇಲಿರಬಾರದು. ಫೈಬರ್ ಜಾರುಬಂಡೆಯಾದರೆ ಅಂಗೈಯನ್ನು ಮೇಲಿಂದ ಕೆಳಗೆ ಎಳೆದು ನೋಡು. ಮೇಲಿನ ಪದರ ಸವೆದಿದ್ದರೆ ಗಾಜಿನ ಎಳೆಗಳು ಚುಚ್ಚಿ ನವೆಯಾಗುತ್ತದೆ.

ಮೂರು ಗಂಟೆಗೆ ಹೋಗು ಎಂದದ್ದು ಬಿಸಿಲಿಗಾಗಿ. ಲೋಹ ಮಾತ್ರವಲ್ಲ, ಪ್ಲಾಸ್ಟಿಕ್ಕೂ ರಬ್ಬರ್ ಹಾಸೂ ಕಾದು ಮಗುವಿನ ಎಳೆ ಚರ್ಮ ಸುಡುತ್ತವೆ. ಕೈಯ ಹಿಂಭಾಗ ಐದು ಎಣಿಸುವಷ್ಟು ಹೊತ್ತು ಇಡಲಾಗದಿದ್ದರೆ ಮಗುವಿಗೆ ಬೇಡ. ತಣ್ಣನೆಯ ದೇಶದ ಪುಸ್ತಕಗಳು ಜಾರುಬಂಡೆಯನ್ನು ಉತ್ತರಕ್ಕೆ ಮುಖ ಮಾಡಿ ನಿಲ್ಲಿಸಿದರೆ ಸಾಕು ಎನ್ನುತ್ತವೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೇ ವಾರದ ಹೊತ್ತಿಗೆ ನಡುಹಗಲ ಸೂರ್ಯ ನೆತ್ತಿಯ ನೇರಕ್ಕೇ ಬರುತ್ತಾನೆ. ಆಗ ಯಾವ ದಿಕ್ಕೂ ಕಾಪಾಡದು, ಮರವೇ ಬೇಕು. ಹೊಸದು ಮಾಡುವ ನೆಪದಲ್ಲಿ ಹಳೆಯ ಹೊಂಗೆ ಕಡಿದಿದ್ದಾರಾ? ಕಡಿದಿದ್ದರೆ ಎಷ್ಟು ಚಂದದ ಸಾಮಾನು ತಂದಿಟ್ಟರೂ ಆ ಪಾರ್ಕು ಮೊದಲಿಗಿಂತ ಬಡವಾಗಿದೆ ಎಂದೇ ನಾನು ಹೇಳುತ್ತೇನೆ.

ಎಲ್ಲವೂ ಹೊಸತು ಎಂದು ಬರೆದಿದ್ದೀಯ, ಆದರೆ ಕಬ್ಬಿಣದ ಸಾಮಾನನ್ನು ಹತ್ತಿರದಿಂದ ನೋಡು. ಎಷ್ಟೋ ಕಡೆ ಹಳೆಯದನ್ನೇ ಉಜ್ಜಿ, ಕೆಲವೊಮ್ಮೆ ಉಜ್ಜದೆಯೂ, ಮೇಲೊಂದು ಕೋಟು ಬಳಿದಿರುತ್ತಾರೆ. ಬೆಸುಗೆ ಹಾಕಿದ ಮೂಲೆಯಲ್ಲಿ, ಕಂಬ ನೆಲಕ್ಕೆ ಇಳಿಯುವ ಕಡೆ ಉಗುರಿನಿಂದ ಕೆರೆ. ಬಣ್ಣದ ಅಡಿ ತುಕ್ಕು ಉದುರಿದರೆ ಆ ಕಂಬ ಒಳಗೇ ತಿಂದುಹೋಗಿದೆ. ಬಣ್ಣ ಹಕ್ಕಳೆ ಹಕ್ಕಳೆಯಾಗಿ ಎದ್ದರೆ ಇನ್ನೊಂದು ಭಯ ಸೀಸದ್ದು. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಪಾಲಿಗಿಂತ ಹೆಚ್ಚಿರಬಾರದು ಎಂದು 2016ರಲ್ಲಿ ನಿಯಮ ಬಂತು, 2017ರ ನವೆಂಬರಿನಿಂದ ಜಾರಿಯಾಯಿತು. ಅದಕ್ಕೆ ಹಿಂದಿನ ಪದರಗಳು ಹಳೆಯ ಕಬ್ಬಿಣದ ಮೇಲೆ ಇನ್ನೂ ಕೂತಿರಬಹುದು, ಕಾರ್ಖಾನೆಗೆಂದು ಮಾಡುವ ಬಣ್ಣಕ್ಕೆ ಆ ನಿಯಮ ತಾಗುವುದೂ ಇಲ್ಲ. ಸೀಸ ಎಳೆಯ ಮಿದುಳಿಗೆ ವಿಷ. ಪುಟ್ಟ ಕಂಬಿ ನೆಕ್ಕುವ ವಯಸ್ಸಿನವನು. ಯಾವ ಬಣ್ಣ ಬಳಿದಿದ್ದೀರಿ, ಡಬ್ಬಿಯ ಮೇಲೆ ಏನು ಬರೆದಿತ್ತು ಎಂದು ಗುತ್ತಿಗೆದಾರರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಓಪನ್ ಜಿಮ್ ಹಾಕಿಸುವುದು ಈಗ ಎಲ್ಲ ಪಾರ್ಕಿನಲ್ಲೂ ರೂಢಿ. ನಿಮ್ಮ ಫೋಟೋದ ಮೂಲೆಯಲ್ಲೂ ನೀಲಿ ಬಣ್ಣದ್ದು ಕಂಡಿತು, ಜಾರುಬಂಡೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ. ಅದು ದೊಡ್ಡವರ ಸಾಮಾನು, ತೂಗುವ ಕಬ್ಬಿಣ, ಮಡಚುವ ಕೀಲು. ಮಕ್ಕಳ ಕಣ್ಣಿಗೆ ಅದೂ ಆಟದ ಸಾಮಾನೇ. ಒಬ್ಬರು ಅದರ ಮೇಲೆ ನಡೆಯುತ್ತಿರುವಾಗ ಇನ್ನೊಬ್ಬರ ಮಗು ಕೀಲಿಗೆ ಬೆರಳಿಟ್ಟರೆ ಬೆರಳೇ ಹೋಗುತ್ತದೆ. ಎರಡರ ನಡುವೆ ಬೇಲಿಯೋ ಗಿಡದ ಸಾಲೋ ಇಲ್ಲದಿದ್ದರೆ ಅದು ನಿನ್ನ ದೂರಿನ ಪಟ್ಟಿಯ ಮೇಲೆಯೇ ಬರಬೇಕು.

ಇನ್ನು ಕೆಲವನ್ನು ಬೇಗ ಹೇಳಿ ಮುಗಿಸುತ್ತೇನೆ. ಗೇಟನ್ನು ಅಲ್ಲಾಡಿಸಿ ನೋಡು. 2024ರ ಸೆಪ್ಟೆಂಬರಿನಲ್ಲಿ ಮಲ್ಲೇಶ್ವರದ ಪಾರ್ಕೊಂದರ ಕಬ್ಬಿಣದ ಗೇಟು ಮೈಮೇಲೆ ಬಿದ್ದು ಬಾಲಕನೊಬ್ಬ ತೀರಿಕೊಂಡ ಸುದ್ದಿ ನೀನೂ ಓದಿರುತ್ತೀಯ. ಹಳಿಯ ಮೇಲೆ ಜಾರುವ ಗೇಟಾದರೆ ಕೊನೆಯಲ್ಲಿ ತಡೆ ಇದೆಯಾ, ತಿರುಗುವ ಗೇಟಾದರೆ ಕೀಲು ಗಟ್ಟಿಯಿದೆಯಾ ನೋಡು. ದೀಪದ ಕಂಬದ ಬುಡದಲ್ಲಿ ಪುಟ್ಟ ಬಾಗಿಲಿರುತ್ತದೆ, ಅದು ಮುಚ್ಚಿರಬೇಕು, ಒಳಗಿನ ವೈರು ಹೊರಗೆ ಇಣುಕಬಾರದು. ಹಳೆಯ ಟಯರಿಗೆ ಬಣ್ಣ ಬಳಿದು ನೆಟ್ಟಿದ್ದರೆ ಒಳಗೆ ನೀರು ನಿಂತಿದೆಯಾ ಬಗ್ಗಿ ನೋಡು. ಡೆಂಗಿ ಸೊಳ್ಳೆಗೆ ಒಂದು ವಾರ ನಿಂತ ನೀರು ಸಾಕು. ಗಿಡಗಳಲ್ಲಿ ಕಣಗಿಲೆ ಇದ್ದರೆ, ಮುಖ್ಯವಾಗಿ ಹಳದಿ ಕಣಗಿಲೆ, ಅದರ ಕಾಯಿ ಹೃದಯ ನಿಲ್ಲಿಸುವ ವಿಷ. ದೇವರ ಪೂಜೆಗೆ ಹೂವಾಯಿತೆಂದು ನೆಟ್ಟಿರುತ್ತಾರೆ. ಮಕ್ಕಳು ಆಡುವ ಕಡೆಯಿಂದ ಅದನ್ನು ತೆಗೆಸಲೇಬೇಕು.

ಇಷ್ಟೆಲ್ಲ ಕೇಳಿ ನೀನು ಹೆದರಿ ಮಗುವನ್ನು ಮನೆಯಲ್ಲೇ ಇಟ್ಟುಕೊಂಡರೆ ನಾನು ಹೇಳಿದ್ದು ವ್ಯರ್ಥ. ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ 180 ನಿಮಿಷವಾದರೂ ಮೈ ಆಡಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಮೂರು ಗಂಟೆ! ಎರಡು ಕೋಣೆಯ ಫ್ಲಾಟಿನಲ್ಲಿ ಅದು ಎಲ್ಲಿಂದ ಬರಬೇಕು? ಹತ್ತಲಿ, ತೂಗಲಿ, ಮಂಡಿ ತರಚಿಕೊಳ್ಳಲಿ. ತರಚುಗಾಯ ವಾಸಿಯಾಗುತ್ತದೆ. ತಲೆ ಸಿಕ್ಕಿಕೊಳ್ಳುವುದು, ಕಾಂಕ್ರೀಟಿಗೆ ತಲೆ ಬಡಿಯುವುದು, ಗೇಟು ಬೀಳುವುದು, ಇವನ್ನು ತಪ್ಪಿಸಲು ನಾವಿದ್ದೇವೆ. ಉಳಿದದ್ದನ್ನು ಮಗು ತಾನೇ ಕಲಿಯುತ್ತದೆ. "ಬೇಡ, ಇಳಿ, ಬೀಳ್ತೀಯ" ಎಂದು ಹಿಂದೆಯೇ ಕೂಗುತ್ತಿರಬೇಡ. ಹತ್ತುವ ಮಗುವನ್ನು ಎತ್ತಿ ಮೇಲಿಡಬೇಡ. ತಾನಾಗಿ ಹತ್ತಿದ ಎತ್ತರದಿಂದ ಇಳಿಯುವುದು ಅದಕ್ಕೆ ಬರುತ್ತದೆ, ನೀನು ಇಟ್ಟ ಎತ್ತರದಿಂದ ಬರುವುದಿಲ್ಲ.

ಎರಡು ವರ್ಷದೊಳಗಿನವರು, ಎರಡರಿಂದ ಐದು, ಐದರಿಂದ ಹನ್ನೆರಡು, ಈ ಮೂರು ಗುಂಪಿಗೂ ಬೇರೆ ಬೇರೆ ಆಟ ಬೇಕು. ಎಂಟು ವರ್ಷದವರು ಓಡುವ ದಾರಿಯಲ್ಲಿ ತಪ್ಪುಹೆಜ್ಜೆಯ ಕೂಸು ನಿಲ್ಲಲಾರದು. ನಿಮ್ಮಲ್ಲಿ ಪುಟ್ಟವರಿಗೆಂದು ಒಂದು ಮೂಲೆಯನ್ನಾದರೂ ಬಿಟ್ಟಿದ್ದಾರಾ? ಅಲ್ಲಿ ಸಾಮಾನು ಕಡಿಮೆಯಿದ್ದರೂ ಚಿಂತೆಯಿಲ್ಲ. ಆಲ್ಡೊ ವಾನ್ ಐಕ್ ಎಂಬ ಡಚ್ ವಾಸ್ತುಶಿಲ್ಪಿ 1947ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಂದು ಚೌಕದಲ್ಲಿ ಮಕ್ಕಳಿಗೆಂದು ಮರಳಿನ ಹೊಂಡ, ಹಾರಿ ದಾಟುವ ಕಲ್ಲುಗಳು, ಲಾಗ ಹಾಕುವ ಕಂಬಿಗಳು, ಸುತ್ತ ಬೆಂಚು, ಇಷ್ಟನ್ನೇ ಇಟ್ಟು ಆಟದ ಜಾಗ ಮಾಡಿದರು. ಮುಂದಿನ ಮೂರು ದಶಕದಲ್ಲಿ ಆ ನಗರದ ಖಾಲಿ ಮೂಲೆಗಳಲ್ಲಿ ಅಂಥವು ಏಳುನೂರಕ್ಕೂ ಹೆಚ್ಚಾದವು. ಮಗುವಿಗೆ ತಾನೇ ಏನಾದರೂ ಮಾಡಲು ಬಿಡುವ ಜಾಗ ಒಳ್ಳೆಯ ಜಾಗ. ನಿಮ್ಮ ಪಾರ್ಕಿನಲ್ಲಿ ಅಗೆಯಲು ಒಂದು ಹಿಡಿ ಮಣ್ಣು, ಆಯಲು ಉದುರಿದ ಎಲೆ ಉಳಿದಿದೆಯಾ, ಇಲ್ಲ ಎಲ್ಲವನ್ನೂ ಟೈಲಿನ ಅಡಿ ಹೂತುಬಿಟ್ಟಿದ್ದಾರಾ? ಇದನ್ನು ಕೂಡ ಪಟ್ಟಿಯಲ್ಲಿ ಬರೆದುಕೋ.

ಸಂಜೆ ಹೋದಾಗ ಯಾರು ಬಂದಿದ್ದಾರೆ ನೋಡುವ ಜೊತೆಗೆ ಯಾರು ಬಂದಿಲ್ಲ ಎಂದೂ ನೋಡು. ಮೊಮ್ಮಗುವನ್ನು ಕರೆತಂದ ಅಜ್ಜಿಗೆ ನೆರಳಿನಲ್ಲಿ ಕೂತು ಮಗುವನ್ನು ಕಾಣುವ ಹಾಗೆ ಬೆಂಚಿದೆಯಾ? ಗಾಲಿಕುರ್ಚಿಯ ಮಗು ಗೇಟು ದಾಟಿ ಒಳಗೆ ಬರಬಹುದಾ, ಬಂದ ಮೇಲೆ ಆಡಲು ಏನಾದರೂ ಇದೆಯಾ? ಬೆಂಗಳೂರಿನ ಕೋಲ್ಸ್ ಪಾರ್ಕಿನಲ್ಲಿ ಕಿಲಿಕಿಲಿ ಎಂಬ ಸಂಸ್ಥೆ ಪಾಲಿಕೆಯ ಜೊತೆ ಸೇರಿ ಎಲ್ಲ ಮಕ್ಕಳೂ ಒಟ್ಟಿಗೆ ಆಡುವ ಜಾಗ ಮಾಡಿಸಿತು. ಅಂಗವಿಕಲ ಮಕ್ಕಳ ತಂದೆತಾಯಿಗಳೇ ಮುಂದೆ ನಿಂತು ಮಾಡಿಸಿದ ಕೆಲಸ ಅದು. ಒಂದು ಭಾನುವಾರ ಪುಟ್ಟನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಾ. ನಿಮ್ಮಲ್ಲಿ ಏನು ಕೇಳಬೇಕೆಂದು ತಾನಾಗಿ ಹೊಳೆಯುತ್ತದೆ.

ಕೇಳಲು ಸಂಕೋಚ ಬೇಡ. ಪಾರ್ಕು ಯಾರೋ ಕೊಟ್ಟ ಉಡುಗೊರೆಯಲ್ಲ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಗೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆಯಿದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿಯ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ನಿವಾಸಿಗಳಿಗೆ ಇದನ್ನು ಪ್ರಶ್ನಿಸುವ ಅಧಿಕಾರವೇನು ಎಂಬ ವಾದವನ್ನು ಅದು ಒಪ್ಪಲಿಲ್ಲ. ಆಸ್ಪತ್ರೆಯನ್ನೇ ತಡೆದವರಿದ್ದಾರೆ, ನಿನಗೆ ಜೋಕಾಲಿಯ ಅಡಿ ಒಂದು ಗೇಣು ಮರಳು ಹಾಕಿಸುವುದು ಆಗದೆ?

ನೋಡಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆ. ಅಳತೆ ಸಮೇತ ಬರೆ, "ಸರಿಯಿಲ್ಲ" ಎಂದರೆ ಯಾರೂ ಬರುವುದಿಲ್ಲ. "ದೊಡ್ಡ ಜೋಕಾಲಿಯ ಅಡಿ ಮರಳು ಎರಡು ಇಂಚು ಇದೆ, ಒಂಬತ್ತು ಇರಬೇಕು" ಎಂದರೆ ಬರುತ್ತಾರೆ. ಪ್ರಾಣಕ್ಕೆ ಅಪಾಯವಾದವನ್ನು ಮೇಲೆ ಬರೆ, ಅಂದಚಂದದ್ದನ್ನು ಬಿಟ್ಟುಬಿಡು. ಚೆನ್ನಾಗಿ ಮಾಡಿದ್ದನ್ನೂ ಎರಡು ಸಾಲು ಬರೆ, ಕೆಲಸ ಮಾಡಿದವರಿಗೆ ಅದು ಸಲ್ಲಬೇಕು. ಪಾರ್ಕಿಗೆ ಬರುವ ಇತರ ತಾಯಂದಿರ ಸಹಿ ಹಾಕಿಸು, ಫೋಟೋ ಲಗತ್ತಿಸು. ಅಳಿಯಂದಿರಿಗೆ ಹೇಳಿ ಎರಡು ಪ್ರತಿ ಮಾಡಿಸು. ಒಂದು ಪಾಲಿಕೆಯ ತೋಟಗಾರಿಕೆ ವಿಭಾಗಕ್ಕೆ, ಒಂದು ವಾರ್ಡಿನ ಎಂಜಿನಿಯರಿಗೆ. ನಿರ್ವಹಣೆಯ ಗುತ್ತಿಗೆ ಯಾರದು, ಎಷ್ಟು ವರ್ಷದ್ದು ಎಂದು ಅದರಲ್ಲೇ ಕೇಳು. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕು. ಮೊದಲ ಮಳೆಗಾಲ ಕಳೆದ ಮೇಲೆ ಇದೇ ಹಾಳೆ ಹಿಡಿದು ಇನ್ನೊಮ್ಮೆ ಸುತ್ತು ಹಾಕು, ಬೋಲ್ಟು ಸಡಿಲವಾಗುವುದೂ ಮರಳು ಕೊಚ್ಚಿಹೋಗುವುದೂ ಆಗಲೇ. ಪತ್ರ ಕೊಟ್ಟು ಬರುವಾಗ ನಿನ್ನ ಕೈಯ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಮತ್ತು ತಾರೀಖು ಹಾಕಿಸಿಕೊಂಡೇ ಬಾ.